ಅಮ್ಮನ ಜಾಗಕ್ಕೆ ಒಂದು ಸಾಫ್ಟ್‌ವೇರ್

ಸೆಪ್ಟೆಂಬರ್ ೨, ಸೋಮವಾರ

ಇವತ್ತು ಅಮ್ಮ ರಾಜೀನಾಮೆ ಕೊಟ್ಟಳು.

ಸಂಬಳವಿಲ್ಲದ ಕೆಲಸಕ್ಕೆ ರಾಜೀನಾಮೆ ಕೊಟ್ಟವರನ್ನು ನಾನು ನೋಡಿದ್ದು ಇದೇ ಮೊದಲು. ಅಕ್ಕನೂ ನಾನೂ ಮಾತು ಬಿಟ್ಟ ಮೇಲೆ ನಮ್ಮ ಸ್ಟುಡಿಯೋ ನಡೆಯುತ್ತಿದ್ದದ್ದು ಅಮ್ಮನ ಕಾಲಿನ ಮೇಲೆ. ಗಾಜಿನ ಈಚೆ ರೆಕಾರ್ಡಿಂಗ್ ಮೇಜಿನ ಮುಂದೆ ನಾನು, ಗಾಜಿನ ಆಚೆ ಶಬ್ದದ ಕೋಣೆಯಲ್ಲಿ ಅಕ್ಕ, ನಡುವೆ ಅಮ್ಮ. "ಬಾಗಿಲು ಇನ್ನೂ ಸ್ವಲ್ಪ ಕಿರ್ರ್ ಅನ್ಬೇಕಂತೆ" ಎಂದು ಆಚೆ ಹೋಗಿ ಹೇಳುವುದು. "ಕಿವಿ ಇದ್ದೋರಿಗೆ ಅದು ಆಗಲೇ ಕಿರ್ರ್ ಅಂದಿದೆಯಂತೆ" ಎಂದು ಈಚೆ ಬಂದು ಹೇಳುವುದು. ಇವತ್ತು ಬೆಳಗ್ಗೆ ಇದೇ ಕಿರ್ರ್ ವಿಷಯಕ್ಕೆ ನಾಲ್ಕು ಸಲ ಓಡಾಡಿದ ಮೇಲೆ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ನೋಡ್ರೇ, ನಿಮ್ಮಿಬ್ಬರನ್ನ ಹೆತ್ತಿದ್ದು ನಾನೇ, ಒಪ್ಕೋತೀನಿ. ಆಗಿದ್ದು ಆಗಿಹೋಯ್ತು. ಆದ್ರೆ ಸಾಯೋವರೆಗೂ ಹೊತ್ಕೊಂಡು ತಿರುಗ್ತೀನಿ ಅಂತ ಯಾರಿಗೂ ಮಾತು ಕೊಟ್ಟಿಲ್ಲ. ನಾಳೆಯಿಂದ ನಾನು ಈಜು ಕಲಿಯೋಕೆ ಹೋಗ್ತೀನಿ. ಮಂಡಿಗೆ ಒಳ್ಳೇದಂತೆ. ನೀರಲ್ಲಿ ಯಾರೂ 'ಅವಳಿಗೆ ಹೇಳಮ್ಮಾ' ಅನ್ನಲ್ಲ."

ಅಕ್ಕ ಗಾಜಿನ ಆಚೆಯಿಂದ ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಅವಳ ಕಡೆ ನೋಡಲೇ ಇಲ್ಲ. ನೋಡದೆ ಹೇಗೆ ಗೊತ್ತಾಯಿತು ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ, ಇದು ನನ್ನ ಡೈರಿ.

ನಮ್ಮದು ಮಕ್ಕಳ ಕಾರ್ಟೂನುಗಳಿಗೆ ಶಬ್ದ ಕೂಡಿಸುವ ಕಸುಬು. ಪರದೆಯಲ್ಲಿ ಯಾರಾದರೂ ನಡೆದರೆ ಅಕ್ಕ ಇಲ್ಲಿ ಜಲ್ಲಿಯ ತಟ್ಟೆಯಲ್ಲಿ ನಡೆಯುತ್ತಾಳೆ. ಯಾರದಾದರೂ ಮೂಳೆ ಮುರಿದರೆ ಎಲೆಕೋಸಿನ ದಂಟು ಮುರಿಯುತ್ತಾಳೆ. ನಾನು ಅದನ್ನು ರೆಕಾರ್ಡ್ ಮಾಡಿ, ಚಿತ್ರಕ್ಕೆ ಹೊಂದಿಸಿ, ಬಿಲ್ಲು ಬರೆದು, ಗಿರಾಕಿಗಳ ಬಾಯಿಗೆ ಸಿಕ್ಕುತ್ತೇನೆ. ಈಗ ಕೈಯಲ್ಲಿರುವುದು ಒಬ್ಬ ಮುದುಕಿ ಮತ್ತು ಅವಳ ಕತ್ತೆಯ ಕಥೆ. ಹದಿಮೂರು ಕಂತು. ಏಳು ಮುಗಿದಿವೆ. ಉಳಿದದ್ದನ್ನು ತಿಂಗಳ ಕೊನೆಗೆ ಕೊಡದಿದ್ದರೆ ಮುಂದಿನ ಸರಣಿ ಬೇರೆಯವರ ಪಾಲು ಎಂದು ನಿರ್ಮಾಪಕರು ಹೇಳಿಯಾಗಿದೆ. ಎಲ್ಲಕ್ಕೂ ಅರ್ಜೆಂಟ್ ಅನ್ನುವುದರಿಂದ ಅಮ್ಮ ಅವರಿಗೆ ಅರ್ಜೆಂಟಪ್ಪ ಎಂದು ನಾಮಕರಣ ಮಾಡಿದ್ದಾಳೆ.

ಅಮ್ಮನ ಜಾಗಕ್ಕೆ ಒಂದು ಸಾಫ್ಟ್‌ವೇರ್ ಹುಡುಕಬೇಕು.

ಸೆಪ್ಟೆಂಬರ್ ೩, ಮಂಗಳವಾರ

"ಸಣ್ಣ ಉದ್ಯಮ ನಡೆಸಲು ಸಾಧನಗಳು" ಎಂದು ಹುಡುಕಿದೆ. ದೇವರೇ. ಊರಿಗೊಂದು ದಾರಿ ಕೇಳಿದರೆ ಊರೇ ಎದ್ದು ಮೈಮೇಲೆ ಬಿದ್ದ ಹಾಗೆ. ಪ್ರತಿಯೊಂದರ ಮುಖಪುಟದಲ್ಲೂ ನಾಲ್ಕು ಜನ ಒಂದು ಲ್ಯಾಪ್‌ಟಾಪಿನ ಸುತ್ತ ನಿಂತು ನಗುತ್ತಿದ್ದಾರೆ. ಕೆಲಸ ಮಾಡುವಾಗ ಯಾರು ಹೀಗೆ ನಗುತ್ತಾರೆ? ಮಧ್ಯಾಹ್ನ ಬಂದ ಭಾವನಿಗೆ ತೋರಿಸಿದೆ. ಅಕ್ಕನ ಗಂಡ, ಹಲ್ಲಿನ ಡಾಕ್ಟರು.

"ಇಷ್ಟೊಂದು ಹಲ್ಲು ಒಟ್ಟಿಗೆ ನಾನು ಕ್ಲಿನಿಕ್ಕಲ್ಲೂ ನೋಡಿಲ್ಲ" ಅಂದರು. ಆಮೇಲೆ ಮೆಲ್ಲಗೆ, "ಅಲ್ಲಾ, ಇದನ್ನೆಲ್ಲ ಕಲಿಯೋ ಹೊತ್ತಿಗೆ ಒಂದು ಮಾತು ಆಡಿಬಿಡಬಹುದಿತ್ತಲ್ಲ?"

"ಅವಳು ಆಡ್ಲಿ."

"ಅವಳೂ ಹಾಗೇ ಅಂದ್ಲು."

"ನೋಡಿದ್ರಾ ಭಾವ, ಒಗ್ಗಟ್ಟು ಅಂದ್ರೆ ಇದು."

ದಿನವಿಡೀ ಜನರ ಬಾಯಿ ತೆರೆಸುವ ಮನುಷ್ಯ, ಪಾಪ, ನಮ್ಮಿಬ್ಬರ ಮುಂದೆ ಸೋತು ಹೋದರು.

ಜಗಳದ ಕಾರಣ ಬರೆದಿಡುವಷ್ಟು ದೊಡ್ಡದೇನಲ್ಲ. ಆರನೇ ಕಂತಿನಲ್ಲಿ ಮುದುಕಿಯ ನಡಿಗೆಯನ್ನು ಅಕ್ಕ ಒಂದಲ್ಲ ಒಂದು ನೆಪ ಹೇಳಿ ಮತ್ತೆ ಮತ್ತೆ ಮಾಡುತ್ತಲೇ ಇದ್ದಳು. ಅರ್ಜೆಂಟಪ್ಪ ಫೋನಿನಲ್ಲಿ ಪ್ರಾಣ ಹಿಂಡುತ್ತಿದ್ದರು. ಸಿದ್ಧ ಶಬ್ದ ಮಾರುವ ಕಡೆಯಿಂದ ಒಂದಿಷ್ಟು ಹೆಜ್ಜೆ ಕೊಂಡು ಹಾಕಿ ಕಳಿಸಿದೆ. ಅಕ್ಕ ಆ ಪ್ರತಿಯನ್ನು ಎದುರಿನ ತನ್ನ ಮನೆಯಲ್ಲಿ ಟೀವಿಗೆ ಹಾಕಿ ನೋಡಿ, ರಸ್ತೆ ದಾಟಿ ಬಂದು, "ಯಾರ ಕಾಲು ಅದು?" ಅಂದಳು. "ಕಾಲು ಯಾರದಾದ್ರೇನು, ನಡೆದ್ರೆ ಸಾಕಲ್ಲ" ಅಂದೆ. ಅಷ್ಟೇ. ಇಷ್ಟಕ್ಕೆ ಮಾತು ಬಿಡುವುದೆಂದರೆ!

ಸೆಪ್ಟೆಂಬರ್ ೫, ಗುರುವಾರ

ಮೊದಲನೆಯದಕ್ಕೆ ಹಲಗೆ ಎಂದು ಹೆಸರಿಟ್ಟಿದ್ದೇನೆ. ಪರದೆಯ ಮೇಲೆ ಮೂರು ಕಂಬಸಾಲು: ಆಗಬೇಕಾದದ್ದು, ಆಗುತ್ತಿರುವುದು, ಆದದ್ದು. ಪ್ರತಿ ಕೆಲಸಕ್ಕೂ ಒಂದು ಚೀಟಿ. ಚೀಟಿಯನ್ನು ಬೆರಳಲ್ಲಿ ಎಳೆದು ಈ ಸಾಲಿನಿಂದ ಆ ಸಾಲಿಗೆ ಹಾಕುವುದು. ಮಾತೇ ಬೇಕಿಲ್ಲ. ಮೂಕರ ಸ್ವರ್ಗ.

ಅಕ್ಕನಿಗೆ ಆಹ್ವಾನ ಕಳಿಸಿದೆ. ಅದು "ನಿಮ್ಮ ಸಹೋದ್ಯೋಗಿ ನಿಮ್ಮನ್ನು ನೋಡಲು ಕಾತರರಾಗಿದ್ದಾರೆ!" ಎಂದು ತಾನೇ ಒಂದು ಸಾಲು ಸೇರಿಸಿ ಕಳಿಸಿತಂತೆ. ನನಗೆ ಆಮೇಲೆ ಗೊತ್ತಾಯಿತು. ಮಾನ ಹೋಯಿತು.

ಹತ್ತು ನಿಮಿಷದಲ್ಲಿ ಹೊಸ ಸದಸ್ಯೆ ಬಂದಳು. ಭಾವಚಿತ್ರದ ಜಾಗದಲ್ಲಿ ಒಂದು ಸವೆದ ಚಪ್ಪಲಿ. ಹೆಸರಿನ ಜಾಗದಲ್ಲಿ "ಕಾಲು ಯಾರದಾದ್ರೇನು".

ಈಗ ಯಾವ ಚೀಟಿ ತೆರೆದರೂ "ಕಾಲು ಯಾರದಾದ್ರೇನು ಈ ಕೆಲಸವನ್ನು ಒಪ್ಪಿಕೊಂಡಿದ್ದಾರೆ" ಎಂದು ಬರುತ್ತದೆ.

ಸಂಜೆ ಎಂಟನೇ ಕಂತಿನ ಚೀಟಿ ಹಾಕಿದೆ: ಮುದುಕಿ ಮೆಟ್ಟಿಲು ಇಳಿಯುವುದು. ಕೆಳಗೆ ಅವಳ ಪ್ರಶ್ನೆ: "ಯಾವ ಮಂಡಿ ನೋವು? ಎಡವೋ ಬಲವೋ?" ಕುಚೋದ್ಯ ಎಂದುಕೊಂಡು "ಯಾವುದಾದರೂ" ಎಂದು ಬರೆದೆ. ಚೀಟಿಯನ್ನು ಎಳೆದುಕೊಂಡು ಹೋಗಿ, ತಾನೇ ಹೊಸದೊಂದು ಸಾಲು ಮಾಡಿ ಅದರಲ್ಲಿ ಹಾಕಿದಳು. ಸಾಲಿನ ಹೆಸರು "ನೋಡದವರಿಗಾಗಿ ಕಾಯುತ್ತಿರುವುದು".

ಕೊನೆಗೆ ಚಿತ್ರ ಹಾಕಿ ನೋಡಬೇಕಾಯಿತು. ಎಡ ಮಂಡಿ. ಇಳಿಯುವಾಗ ಎಡಗಾಲು ಮೊದಲು ಇಡುತ್ತಾಳೆ, ಬಲಗಾಲು ಬಂದು ಅದೇ ಮೆಟ್ಟಿಲಲ್ಲಿ ಜೊತೆಗೆ ನಿಲ್ಲುತ್ತದೆ. ಏಳು ಕಂತು ಕೈಯಲ್ಲಿ ಹಾದು ಹೋದರೂ ಇದನ್ನು ನಾನು ಗಮನಿಸಿರಲಿಲ್ಲ. ಗಮನಿಸಲು ನನಗೆ ಪುರುಸೊತ್ತು ಎಲ್ಲಿತ್ತು?

"ಎಡ" ಎಂದು ಬರೆದೆ. ಚೀಟಿ ಕೂಡಲೇ ಜಾಗ ಬದಲಿಸಿತು.

ಸೆಪ್ಟೆಂಬರ್ ೯, ಸೋಮವಾರ

ಹಲಗೆ ಸಾಲದು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊತ್ತಾಗಬೇಕು. ಶುಕ್ರವಾರವೇ ಎರಡನೆಯದನ್ನು ತಂದೆ. ಇದು ಗಡಿಯಾರ. ಕೆಲಸ ಶುರು ಮಾಡುವಾಗ ಒತ್ತಬೇಕು, ಮುಗಿದಾಗ ಒತ್ತಬೇಕು.

ಮೊದಲ ದಿನದ ವರದಿ: ಎಲೆಕೋಸು ಆರಿಸುವುದು, ಮೂರು ಗಂಟೆ.

ಎರಡನೇ ದಿನ ಅಕ್ಕ ಗಡಿಯಾರ ನಿಲ್ಲಿಸಲು ಮರೆತಳು, ಅಥವಾ ಮರೆತಂತೆ ಮಾಡಿದಳು. ಇವತ್ತು ಬೆಳಗ್ಗೆ ಗಡಿಯಾರ ನನಗೆ ಅಭಿನಂದನೆ ಕಳಿಸಿದೆ. "ನಿಮ್ಮ ತಂಡದ ಅತ್ಯಂತ ಶ್ರಮಜೀವಿ: ಕಾಲು ಯಾರದಾದ್ರೇನು. ನಿರಂತರ ನಲವತ್ತೇಳು ಗಂಟೆ. ಅವರಿಗೆ ಸ್ವಲ್ಪ ವಿಶ್ರಾಂತಿ ಕೊಡುವಿರಾ?" ಅದೇ ಸಂದೇಶ ಅವಳಿಗೂ ಹೋಗಿರಬೇಕು. ಹನ್ನೊಂದಕ್ಕೆ ಗಾಜಿನ ಆಚೆ ಚಾಪೆ ಹಾಸಿಕೊಂಡು ಮಲಗಿದಳು.

ಮನೆಯಲ್ಲಿ ಮೂರು ದಿನದಿಂದ ಬರೀ ಕೋಸು. ಅಮ್ಮ ಈಜು ಕಲಿತು ಬಂದು ಹಸಿವಿನಲ್ಲಿ ಅದನ್ನೂ ತಿನ್ನುತ್ತಾಳೆ. ನೀರಿನಲ್ಲಿ ತೇಲುವುದು ಬಂತಂತೆ. "ಕೈಕಾಲು ಬಡಿಯೋದು ಬಿಟ್ರೆ ತಾನೇ ತೇಲತ್ತೆ ಕಣೇ" ಎಂದು ನನ್ನ ಮುಖ ನೋಡಿ ಹೇಳಿದಳು. ಅಮ್ಮ ಏನು ಹೇಳಿದರೂ ಅದರ ಬಾಲಕ್ಕೆ ಒಂದು ಅರ್ಥ ಕಟ್ಟಿರುತ್ತಾಳೆ. ನಾನು ಕೇಳಿಸದಂತೆ ಕೋಸು ಬಡಿಸಿಕೊಂಡೆ.

ಸೆಪ್ಟೆಂಬರ್ ೧೨, ಗುರುವಾರ

ಸಿಕ್ಕಿತು! ಮೂರನೆಯದು. ಇದಕ್ಕೆ ಸರ್ವಜ್ಞಾನಿ ಎಂದು ಹೆಸರಿಟ್ಟೆ. ಕೆಲಸದ ಚೀಟಿ, ಗಡಿಯಾರ, ಕ್ಯಾಲೆಂಡರ್, ಬಿಲ್ಲು, ಗಿರಾಕಿಗೆ ಉತ್ತರ, ಎಲ್ಲವೂ ಒಂದರಲ್ಲೇ. ಅದಕ್ಕಿಂತ ಮುಖ್ಯವಾಗಿ, ಎಲ್ಲವನ್ನೂ ತಾನೇ ಮಾಡುತ್ತದೆ. ನಾನು ಒಂದು ಸಲ ಹೇಳಿಕೊಟ್ಟರೆ ಸಾಕು, ಯಾರಿಗೆ ಯಾವಾಗ ಏನು ಕಳಿಸಬೇಕೋ ಕಳಿಸುತ್ತದೆ. ಹದಿನಾಲ್ಕು ದಿನ ಬಿಟ್ಟಿ.

ಇಡೀ ದಿನ ಅದಕ್ಕೆ ಬುದ್ಧಿ ಹೇಳಿಕೊಟ್ಟೆ. ಕಂತಿನ ಕೆಲಸ ಮಾತ್ರ ಒಂದು ಇಂಚೂ ಮುಂದೆ ಹೋಗಲಿಲ್ಲ. ಆದರೆ ಇದು ಹೂಡಿಕೆ. ಇನ್ನು ಮೇಲೆ ನಾನು ಯಾರ ಜೊತೆಗೂ ಮಾತಾಡಬೇಕಿಲ್ಲ. ಎಷ್ಟು ನೆಮ್ಮದಿ ಎಂದರೆ, ಸಂಜೆ ಏನು ಮಾಡುವುದೆಂದೇ ತೋಚಲಿಲ್ಲ. ಎಂಟನೇ ಕಂತಿನ ಮೆಟ್ಟಿಲಿನ ಹೆಜ್ಜೆ ಹಾಕಿಕೊಂಡು ಕೇಳಿದೆ. ಎರಡು ಸಲ. ಶಬ್ದದ ಮಟ್ಟ ಸರಿ ಇದೆಯೋ ಇಲ್ಲವೋ ನೋಡಲು.

ಸೆಪ್ಟೆಂಬರ್ ೧೭, ಮಂಗಳವಾರ

ಸರ್ವಜ್ಞಾನಿಯ ಮನೆ ಹಾಳಾಗ.

ನಾಳೆ ಬೆಳಗ್ಗೆ ನಿರ್ಮಾಪಕರು ಕೆಲಸ ಎಲ್ಲಿಗೆ ಬಂತೆಂದು ನೋಡಲು ಬರುವವರು. ಅದನ್ನು ಕ್ಯಾಲೆಂಡರಿನಲ್ಲಿ ಹಾಕಿದ್ದೆ: "ಅರ್ಜೆಂಟಪ್ಪನ ಭೇಟಿ". ನಾಳೆಯದೇ ತಾರೀಖಿಗೆ ಒಂಬತ್ತನೇ ಕಂತಿನ ಬಗ್ಗೆ ಅಕ್ಕನಿಗೆ ಸೂಚನೆಗಳನ್ನೂ ಬರೆದಿಟ್ಟಿದ್ದೆ. ಸರ್ವಜ್ಞಾನಿ ಎರಡನ್ನೂ ಸೇರಿಸಿ ಒಂದೇ ಪತ್ರ ಮಾಡಿ ನಿರ್ಮಾಪಕರಿಗೆ ಕಳಿಸಿತು. ಇಲ್ಲಿ ನಕಲು ಮಾಡುತ್ತೇನೆ, ನನ್ನ ಪಾಪ ಕಳೆಯಲಿ:

"ಅರ್ಜೆಂಟಪ್ಪನ ಭೇಟಿ. ಸಿದ್ಧತೆಗಳು: ಕತ್ತೆ ಒಳಗೆ ಬಂದ ಕೂಡಲೇ ಬಾಗಿಲು ದಢಾರ್ ಎಂದು ಮುಚ್ಚಬೇಕು. ಕತ್ತೆ ಅರಚಿದರೆ ಚಿಂತೆಯಿಲ್ಲ, ಆಮೇಲೆ ತೆಗೆದುಹಾಕೋಣ. ಮುದುಕಿ ಹಣದ ಮಾತು ಎತ್ತುವುದು ಕತ್ತೆ ನೀರು ಕುಡಿದ ಮೇಲೆ. ನಿಮ್ಮನ್ನು ಕಾಣಲು ಕಾತರರಾಗಿದ್ದೇವೆ!"

ಫೋನ್ ಬಂತು.

"ಮೇಡಂ, ಈ ಕತ್ತೆ ಅಂದ್ರೆ ಯಾರು?"

"ಕತ್ತೆ ಅಂದ್ರೆ ಕತ್ತೆನೇ ಸಾರ್. ನಿಮ್ಮದೇ ಕತ್ತೆ. ಕಾರ್ಟೂನಿಂದು."

"ಓಹೋ. ಹಾಗಾದ್ರೆ ಅರ್ಜೆಂಟಪ್ಪ ಅಂದ್ರೆ?"

ಲೈನ್ ಸರಿಯಿಲ್ಲ ಎಂದು ಫೋನ್ ಇಟ್ಟುಬಿಟ್ಟೆ.

ಪತ್ರ ಅಕ್ಕನಿಗೂ ಹೋಗಿತ್ತು. ಗಾಜಿನ ಆಚೆ ಫೋನ್ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಮೆಲ್ಲಗೆ ಜಾರಿ ಜಲ್ಲಿಯ ತಟ್ಟೆಯಲ್ಲಿ ಕೂತುಬಿಟ್ಟಳು. ಗಾಜು ದಪ್ಪ, ನಗು ಕೇಳಿಸಲಿಲ್ಲ. ಅವಳು ಹಾಗೆ ನಗುವುದನ್ನು ನೋಡಿ ಬಹಳ ದಿನವಾಗಿತ್ತು. ನನಗೂ ನಗು ಬಂತು, ಮೇಜಿನ ಕೆಳಗೆ ಬಗ್ಗಿ ವೈರು ಸರಿಮಾಡುವವಳಂತೆ ನಕ್ಕೆ.

ಸೆಪ್ಟೆಂಬರ್ ೧೮, ಬುಧವಾರ

ಬಂದರು. ಬಾಗಿಲಲ್ಲೇ ನಿಂತು, "ಒಳಗೆ ಬರಬಹುದಾ, ಇಲ್ಲ ಬಾಗಿಲು ಹಾಕ್ತೀರಾ?" ಅಂದರು. ಕೋಪ ಇನ್ನೂ ಬಿಸಿಯಾಗಿಯೇ ಇತ್ತು.

ಅಕ್ಕ ಆಚೆಯಿಂದ ಎದ್ದು ಬಂದಳು. ನಿರ್ಮಾಪಕರು ನಮ್ಮ ನಡುವಿನ ಕುರ್ಚಿಯಲ್ಲಿ ಕೂತರು.

"ಸಾರ್, ನೀರು ಬೇಕಾದ್ರೆ ಅವರು ಕೊಡ್ತಾರೆ" ಅಂದೆ.

"ಸಾರ್, ನೀರಿನ ಬಾಟಲಿ ಅವರ ಪಕ್ಕದಲ್ಲೇ ಇದೆ ಅಂತ ಅವರಿಗೆ ಹೇಳಿ" ಅಂದಳು ಅಕ್ಕ.

ನಿರ್ಮಾಪಕರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು, ತಾವೇ ಎದ್ದು ನೀರು ತೆಗೆದುಕೊಂಡರು. ಅಮ್ಮ ಇದನ್ನು ವಾರಗಟ್ಟಲೆ ಹೇಗೆ ಸಹಿಸಿದಳೋ.

"ನೋಡಿ, ನಿಮ್ಮ ಮನೆ ವಿಷಯ ನನಗೆ ಬೇಡ" ಅಂದರು. "ನನಗೆ ಬೇಕಾಗಿರೋದು ಐದು ಕಂತು. ನಾನೇ ಒಂದು ದಾರಿ ಹೇಳ್ತೀನಿ. ಈ ಹೆಜ್ಜೆಗಳಿಗೆ ಯಾಕಿಷ್ಟು ಒದ್ದಾಡ್ತೀರಿ? ಆರನೇ ಕಂತಲ್ಲಿ ರೆಡಿಮೇಡ್ ಹಾಕಿದ್ರಲ್ಲ, ಬಿಲ್ಲಲ್ಲಿ ನೋಡಿದೆ. ಎಲ್ಲದಕ್ಕೂ ಅದನ್ನೇ ಹಾಕಿ ಮುಗಿಸಿ. ನನಗಂತೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಕಾರ್ಟೂನ್ ನೋಡೋ ಮಕ್ಕಳಿಗೆ ಏನು ಗೊತ್ತಾಗತ್ತೆ?"

ನನಗೆ ಎಲ್ಲಿಂದ ಬಂತೋ ಸಿಟ್ಟು.

"ವ್ಯತ್ಯಾಸ ಗೊತ್ತಾಗಲಿಲ್ಲ ಅಂದ್ರೆ ಏನ್ಸಾರ್? ಅದು ನಿಮ್ಮ ಮುದುಕಿ ಸಾರ್! ಅವಳಿಗೆ ಎಡ ಮಂಡಿ ನೋವು. ಇಳೀವಾಗ ನೋಯೋ ಕಾಲು ಮೊದಲು ಇಡ್ತಾಳೆ, ಒಳ್ಳೇ ಕಾಲು ಬಂದು ಪಕ್ಕದಲ್ಲಿ ನಿಲ್ಲತ್ತೆ, ಒಂದು ಉಸಿರು ತಗೋತಾಳೆ, ಆಮೇಲೆ ಇನ್ನೊಂದು ಮೆಟ್ಟಿಲು. ಎಂಟನೇ ಕಂತು ಕೇಳಿ ನೋಡಿ, ಆ ಉಸಿರೂ ಕೇಳತ್ತೆ. ಆರನೇ ಕಂತಲ್ಲಿ ನಡೀತಿರೋದು ಯಾರೋ ಬೂಟು ಹಾಕಿದ ಗಟ್ಟಿಮುಟ್ಟಾದ ಗಂಡಸು! ಮುದುಕಿ ಕಳ್ಳನ್ನ ಹಿಡಿಯೋಕೆ ಹೊರಟ ಪೊಲೀಸ್ ಥರ ನಡೀತಿದಾಳೆ, ಅದು ನಿಮಗೆ ಗೊತ್ತಾಗಲ್ವಾ? ಮಕ್ಕಳಿಗೆ ಗೊತ್ತಾಗತ್ತೆ ಸಾರ್. ಅಜ್ಜಿ ಇರೋ ಮಕ್ಕಳಿಗೆಲ್ಲ ಗೊತ್ತಾಗತ್ತೆ!"

 

ಅಕ್ಕ ಕೆಳಗೆ ನೋಡುತ್ತಾ, "ಹತ್ತೋವಾಗ ಉಲ್ಟಾ" ಅಂದಳು. "ಒಳ್ಳೇ ಕಾಲು ಮೊದಲು."

"ಗೊತ್ತು" ಅಂದೆ.

ನಿರ್ಮಾಪಕರು ಗ್ಲಾಸು ಕೆಳಗಿಟ್ಟರು. "ನನಗೆ ಕೇಳಿಸಲ್ಲಮ್ಮ, ಸುಳ್ಳು ಯಾಕೆ ಹೇಳ್ಲಿ. ನಿಮಗೆ ಕೇಳಿಸಿದ್ರೆ ಮಾಡ್ಕೊಳ್ಳಿ. ಆದ್ರೆ ತಾರೀಖು ತಪ್ಪಿದ್ರೆ ನನ್ನನ್ನ ಬೈಬೇಡಿ." ಹೊರಡುವಾಗ ಬಾಗಿಲನ್ನು ತಾವೇ ಬಹಳ ಮೆತ್ತಗೆ ಹಾಕಿಕೊಂಡು ಹೋದರು.

ಅಕ್ಕನಿಗೆ "ಗೊತ್ತು" ಎಂದದ್ದು ಲೆಕ್ಕಕ್ಕಿಲ್ಲ. ಅದು ವೃತ್ತಿಗೆ ಸಂಬಂಧಪಟ್ಟದ್ದು.

ಸೆಪ್ಟೆಂಬರ್ ೧೯, ಗುರುವಾರ

ಬೆಳಗ್ಗೆ ಆರನೇ ಕಂತು ತೆಗೆದು ಪರದೆಯಲ್ಲಿ ಹಾಕಿಟ್ಟೆ. ಸುಮ್ಮನೆ. ಹೇಗೂ ಮೆಷಿನ್ ಚಾಲೂ ಇತ್ತು. ಅಕ್ಕ ಬಂದಳು, ಪರದೆ ನೋಡಿದಳು, ಏನೂ ಕೇಳದೆ ಮುದುಕಿಯ ಚಪ್ಪಲಿ ಹಾಕಿಕೊಂಡಳು.

ಮೂರನೇ ಸಲಕ್ಕೆ ಸರಿಯಾಯಿತು. ನನಗೆ ಎರಡನೆಯದೇ ಸಾಕೆನಿಸಿತ್ತು, ಆದರೆ ಕೊನೆಯ ಮೆಟ್ಟಿಲಲ್ಲಿ ಏನೋ ಅವಸರ ಕೇಳಿಸಿತು. "ಇನ್ನೊಂದು" ಅಂದೆ. ಅವಳು ಮುಖ ಸಿಂಡರಿಸಲಿಲ್ಲ.

ಸೆಪ್ಟೆಂಬರ್ ೨೧, ಶನಿವಾರ

ಇವತ್ತು ಅಕ್ಕನಿಗೂ ನನಗೂ ಭಯಂಕರ ಜಗಳ. ಬಾಯಿಬಿಟ್ಟು, ಕೈ ಬೀಸಿ, ಹಳೆಯದೆಲ್ಲ ತೆಗೆದು.

ಶುರುವಾದದ್ದು ಸಾಫ್ಟ್‌ವೇರಿನಿಂದ. ಮೂರನ್ನೂ ಕಿತ್ತು ಹಾಕೋಣ ಎಂದು ನಾನು ಕೂತೆ. ಸರ್ವಜ್ಞಾನಿ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಯಾಕೆ ಬಿಡುತ್ತಿದ್ದೀರಿ, ನಾವೇನು ತಪ್ಪು ಮಾಡಿದೆವು ಎಂದು ಮದುವೆ ಮುರಿದವರಂತೆ ಕೇಳಿತು. ಕಾರಣ ಬರೆಯಲು ಜಾಗವನ್ನೂ ಕೊಟ್ಟಿತು. "ಕತ್ತೆ" ಎಂದು ಬರೆದು ಕಳಿಸಿದೆ. ಗಡಿಯಾರವನ್ನೂ ಕಳಿಸಿದೆ. ಹಲಗೆಗೆ ಕೈ ಹಾಕಿದ್ದೇ ತಡ, ಅಕ್ಕ ಗಾಜಿನ ಆಚೆಯಿಂದ ಹಾರಿ ಬಂದಳು.

"ಅದನ್ನ ಮುಟ್ಟಬೇಡ!"

"ಯಾಕೆ?"

"ನನ್ನ ಚಪ್ಪಲಿಗಳೆಲ್ಲ ಅದರಲ್ಲಿದಾವೆ!"

ನೋಡಿದರೆ ನಿಜ. ಮೂಲೆಯ ಪೆಟ್ಟಿಗೆಗಳಲ್ಲಿರುವ ಅಷ್ಟೂ ಜೊತೆ ಚಪ್ಪಲಿ, ಬೂಟುಗಳ ಫೋಟೋ ತೆಗೆದು ಒಂದೊಂದಕ್ಕೂ ಒಂದು ಚೀಟಿ ಮಾಡಿದ್ದಾಳೆ. ಒದ್ದೆ ನೆಲಕ್ಕೆ, ಒಣ ಮರಕ್ಕೆ, ಮುನಿಸಿಕೊಂಡು ಹೋಗುವವರಿಗೆ, ಸಾಲಗಾರರಿಗೆ. ಒಂದೊಂದಕ್ಕೆ ಒಂದೊಂದು ಬಣ್ಣ. ಇದನ್ನು ಬೇಡವೆಂದು ಮೂಗು ಮುರಿದವಳು ಇವಳು!

"ಹಾಗಾದ್ರೆ ಮೊದಲೇ ಹೇಳಬಾರದಾ, ಬೇಕು ಅಂತ?"

"ಯಾವ ಬಾಯಲ್ಲಿ ಹೇಳ್ಲಿ? ನೀನು ಕೇಳಿದ್ಯಾ? ಯಾವತ್ತಾದ್ರೂ ಕೇಳಿದ್ಯಾ? ತರೋದು ನೀನೇ, ಬಿಸಾಕೋದು ನೀನೇ. ಸಾಫ್ಟ್‌ವೇರೂ ಅಷ್ಟೇ, ನನ್ನ ಹೆಜ್ಜೆನೂ ಅಷ್ಟೇ."

ಅಲ್ಲಿಂದ ಮುಂದೆ ಯಾರು ಏನಂದರು ಎಂದು ಬರೆಯಲು ಕಾಗದ ಸಾಲದು. ಅಮ್ಮ ಈಜು ಮುಗಿಸಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ನಮ್ಮ ದನಿ ರಸ್ತೆಯ ತಿರುವಿಗೇ ಕೇಳುತ್ತಿತ್ತಂತೆ. ಬಾಗಿಲಲ್ಲಿ ಇಣುಕಿ, "ನಡೀಲಿ, ನಡೀಲಿ" ಎಂದು ಹೇಳಿ ಮೇಲೆ ಮನೆಗೆ ಹೋದಳು.

ಕೊನೆಗೆ ಗಂಟಲು ಒಣಗಿದ ಮೇಲೆ ಇಬ್ಬರೂ ಕೂತು ನಿಜವಾಗಿ ಏನು ಬೇಕು ಎಂದು ನೋಡಿದೆವು. ಶಬ್ದದ ಕೆಲಸಕ್ಕೆ ಅಕ್ಕನ ಹಲಗೆ. ಬಿಲ್ಲಿಗೆ ಒಂದು ಸಾದಾ ಸಾಧನ, ಅದು ಯಾರಿಗೂ ತಾನಾಗಿ ಏನನ್ನೂ ಕಳಿಸುವುದಿಲ್ಲ, ಮೂರು ಸಲ ಪರೀಕ್ಷಿಸಿದ್ದೇನೆ. ಇಬ್ಬರಿಗೂ ಒಂದೇ ಕ್ಯಾಲೆಂಡರ್. ಹಲಗೆಗೆ ಹಣ ಕಟ್ಟುವಾಗ ಮಾಲೀಕರು ಯಾರು ಎಂದು ಕೇಳಿತು. ಒಬ್ಬರೇ ಇರಬೇಕಂತೆ, ಇನ್ನೊಬ್ಬರು ಅತಿಥಿ. ಮತ್ತೆ ಜಗಳ ಶುರುವಾಗುವುದರಲ್ಲಿತ್ತು.

"ಅಮ್ಮನ ಹೆಸರು ಹಾಕು" ಅಂದಳು ಅಕ್ಕ.

ಹಾಕಿದೆ. ಸಂಜೆ ಅಮ್ಮ ಫೋನ್ ಹಿಡಿದುಕೊಂಡು ಕೆಳಗೆ ಬಂದಳು. "ಯಾರೇ ಇದು, ಕಾಲು ಯಾರದಾದ್ರೇನು ಅನ್ನೋನು? ನನಗೆ ಹದಿನೆಂಟು ಮೆಸೇಜ್ ಕಳಿಸಿದಾನೆ."

ಸೆಪ್ಟೆಂಬರ್ ೨೪, ಮಂಗಳವಾರ

ಹನ್ನೊಂದು ಮುಗಿಯಿತು. ಹನ್ನೆರಡು ಅರ್ಧ. ಅಕ್ಕ ಕರೆಯುತ್ತಿದ್ದಾಳೆ, ಉಳಿದದ್ದು ನಾಳೆ.

ಸೆಪ್ಟೆಂಬರ್ ೨೭, ಶುಕ್ರವಾರ

ನಿನ್ನೆ ಮೊನ್ನೆ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ಎಲ್ಲ ಆಡಿ ಮುಗಿದಿರುತ್ತಿತ್ತು.

ಇವತ್ತು ಕೊನೆಯ ದೃಶ್ಯ. ಮುದುಕಿಯೂ ಕತ್ತೆಯೂ ಗಾಡಿ ಎಳೆದುಕೊಂಡು ಮಣ್ಣಿನ ದಾರಿಯಲ್ಲಿ ಹೋಗುತ್ತಾರೆ. ಮಾತಿಲ್ಲ, ಸಂಗೀತವಿಲ್ಲ. ಬರೀ ನಡಿಗೆ. ಇಂಥದ್ದನ್ನು ನಾವು ಯಾವಾಗಲೂ ಒಂದೊಂದಾಗಿ ಮಾಡುತ್ತೇವೆ. ಮೊದಲು ಮುದುಕಿ, ಆಮೇಲೆ ಕತ್ತೆ, ಆಮೇಲೆ ಗಾಡಿ. ನಾನು ಒಂದರ ಮೇಲೊಂದು ಹಾಕಿ ಹೊಂದಿಸುತ್ತೇನೆ.

"ಇವತ್ತು ಹಾಗೆ ಬೇಡ" ಅಂದಳು ಅಕ್ಕ. "ಬೇರೆ ಬೇರೆ ಮಾಡಿದ್ರೆ ಅವರು ಬೇರೆ ಬೇರೆನೇ ನಡೀತಾರೆ. ಇವರು ಜೊತೆಗೆ ನಡೀತಿದಾರೆ. ಬಾ ಒಳಗೆ."

"ನಾನಾ? ನನಗೆ ಮೆಷಿನ್..."

"ಮೆಷಿನ್ ಒತ್ತಿ ಬಾ. ಅದೇನು ಓಡಿ ಹೋಗಲ್ಲ. ನನಗೆ ಕಾಲಲ್ಲಿ ಮುದುಕಿ, ಕೈಯಲ್ಲಿ ಗಾಡಿ. ನೀನು ಕತ್ತೆ."

ಇಷ್ಟು ವರ್ಷ ಸ್ಟುಡಿಯೋ ನಡೆಸಿ, ಮೆಷಿನ್ ಓಡುತ್ತಿರುವಾಗ ನಾನು ಆ ಕೋಣೆಯೊಳಗೆ ಹೋದದ್ದು ಇವತ್ತೇ. ಮಣ್ಣಿನ ತಟ್ಟೆಯ ಮುಂದೆ ಮಂಡಿಯೂರಿ, ಎರಡು ಕರಟ ಹಿಡಿದುಕೊಂಡೆ. ಮೊದಲ ಸಲ ಕತ್ತೆ ಓಡಿಹೋಯಿತು. ಎರಡನೇ ಸಲ ಕುಂಟಿತು. ಮೂರನೇ ಸಲ ಅಕ್ಕನ ಕಾಲನ್ನೇ ನೋಡುತ್ತಾ ತಾಳ ಹಾಕಿದೆ, ಕತ್ತೆ ಸೈನಿಕನಾಯಿತು.

"ನನ್ನ ಕಾಲು ನೋಡ್ಬೇಡ. ಕಣ್ಣು ಮುಚ್ಕೊಂಡು ಕೇಳಿಸ್ಕೋ. ಅವಳು ನಿಂತ್ರೆ ನಿಂತ್ಕೋ, ಹೊರಟ್ರೆ ಸ್ವಲ್ಪ ತಡವಾಗಿ ಹೊರಡು. ಮಧ್ಯದಲ್ಲಿ ಒಂದ್ಕಡೆ ಕತ್ತೆ ಸುಮ್ಮನೆ ಮುನಿಸ್ಕೊಂಡು ನಿಲ್ಲತ್ತೆ."

"ಎಷ್ಟು ಹೊತ್ತು?"

"ಮುದುಕಿ 'ಬಾ' ಅನ್ನೋ ಹಾಗೆ ಒಂದು ಹೆಜ್ಜೆ ಹಿಂದೆ ಇಡೋವರೆಗೆ. ನಿನಗೆ ಅದೆಲ್ಲ ಹೇಳ್ಕೊಡ್ಬೇಕಾ?"

ಕಣ್ಣು ಮುಚ್ಚಿಕೊಂಡೆ. ಎಡಗಾಲು ಎಳೆಯುವ ಸದ್ದು, ಚಕ್ರದ ಕೀರಲು, ಅಕ್ಕನ ಉಸಿರು. ಕರಟ ತಾನಾಗಿ ನಡೆಯಿತು. ಒಂದು ಕಡೆ ನಿಲ್ಲಿಸಿದೆ. ಅಕ್ಕನ ಕಡೆಯಿಂದಲೂ ಸದ್ದು ನಿಂತಿತು. ಆಮೇಲೆ ಮಣ್ಣಿನಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಬಂತು. ಹೊರಟೆವು.

ಮುಗಿದ ಮೇಲೆ ಎದ್ದು ಹೋಗಿ ಮೆಷಿನ್ ನಿಲ್ಲಿಸಿದೆ. ನನ್ನ ಮಂಡಿ ಎರಡೂ ಹಣ್ಣಾಗಿದ್ದವು. ನಾಳೆ ಅಮ್ಮನ ಜೊತೆ ನಾನೂ ನೀರಿಗಿಳಿಯಬೇಕಾದೀತು.

ಸೆಪ್ಟೆಂಬರ್ ೩೦, ಸೋಮವಾರ

ನಿರ್ಮಾಪಕರ ಪತ್ರ ಬಂತು. ಅಕ್ಕ ಚಪ್ಪಲಿಗಳನ್ನು ಒರೆಸಿ ಪೆಟ್ಟಿಗೆಗೆ ಸೇರಿಸುತ್ತಿದ್ದಳು. ನಾನು ಗಟ್ಟಿಯಾಗಿ ಓದಿದೆ. ಎಲ್ಲ ಕಂತುಗಳೂ ತಲುಪಿವೆ. ಮುಂದಿನ ಸರಣಿ ನಮಗೇ, ಅದೂ ಅರ್ಜೆಂಟ್. ಕೊನೆಯಲ್ಲಿ ಎರಡು ಸಾಲು:

"ಕೊನೆಯ ಕಂತಿನಲ್ಲಿ ಆ ಕತ್ತೆಯ ಹೆಜ್ಜೆ ಬಹಳ ಚೆನ್ನಾಗಿದೆ. ಎಲ್ಲಿ ಕೊಂಡಿರಿ?"

ಅಕ್ಕ ತಲೆ ಎತ್ತಲಿಲ್ಲ. ಬೂಟಿನ ಧೂಳು ಕೊಡವುತ್ತಲೇ ಅಂದಳು:

"ಮನೇಲೇ ಇತ್ತು ಅಂತ ಬರಿ."

ಬರೆದೆ.